ಸರೋವರಗಳ ಸಸ್ಯಸಂಪತ್ತು ಮತ್ತು ಅದನ್ನರಿಯುವ ನೂತನ ಮಾರ್ಗ

(ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ದಿನದ ಸಭೆಯಲ್ಲಿ ನಿರೂಪಿಸಲು ಆರಿಸಿಕೊಂಡಿರುವ ವಿಷಯವು ಆಗಮದ್ದೂ ಅಲ್ಲ, ವ್ಯಾಕರಣದ್ದೂ ಅಲ್ಲ, ಕೆರೆಯ ನೀರಿನದು. ಮಠದ ಮಹೋತ್ಸವದಲ್ಲಿ ಇಂಥ ವಿಷಯಕ್ಕೆ ಅವಕಾಶವೆಲ್ಲಿಯದು ಎಂಬ ಸಂದೇಹವು ಕೆಲವರಿಗೆ ಉದಿಸಬಹುದು. ಅದಕ್ಕೆ ಸಮಾಧಾನವು ದೂರವಿಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರು 12ನೆಯ ಶತಮಾನದಲ್ಲಿ ಕೆರೆಯನ್ನು ಕಟ್ಟಿಸಿದ ಸಂಗತಿಯು ಬಾಲಕರಿಗೂ ತಿಳಿದುದಾಗಿದೆ. ಆ ಮಹಾನುಭಾವರಿಗೆ ಯೋಗವೂ ಕಾಯಕವೂ ಬೇರೆಯಾಗಿರಲಿಲ್ಲ. ಕೆರೆಯ ಏರಿಗೆ ಹೊತ್ತ ಮಣ್ಣಿನ ಪುಟ್ಟಿಯೂ ಪೂಜೆಯ ಸಾಧನವೇ ಆಗಿದ್ದಿತು. ಕೆರೆಯನ್ನು ಕಟ್ಟುವುದು ಪುಣ್ಯಕಾರ್ಯವಾದರೆ, ಕಟ್ಟಿದ ಕೆರೆಯನ್ನು ಕಾಯುವುದೂ ಪುಣ್ಯಕಾರ್ಯವೇ ಸರಿ. ಕಾಯಬೇಕಾದರೆ ಅದರಲ್ಲಿ ಏನಿದೆ, ಏನಿಲ್ಲ, ಏನು ಹೋಗುತ್ತಲಿದೆ ಎಂಬುದನ್ನು ಮೊದಲು ಅರಿಯಬೇಕು. ಅರಿವಿಲ್ಲದ ರಕ್ಷಣೆಯು ಕಣ್ಣಿಲ್ಲದ ಕಾವಲಿನಂತೆ. ಆದುದರಿಂದ ಸರೋವರಗಳ ಸಸ್ಯಗಳನ್ನು ಅರಿಯುವುದಕ್ಕೆ ಇತ್ತೀಚೆಗೆ ಹುಟ್ಟಿರುವ ಒಂದು ನೂತನ ಮಾರ್ಗವನ್ನು ಇಲ್ಲಿ ವಿವರಿಸಿ, ಅದರ ಗುಣದೋಷಗಳನ್ನು ಪ್ರಮಾಣಶಾಸ್ತ್ರದ ಒರೆಗಲ್ಲಿಗೆ ತಿಕ್ಕಿ ನೋಡುವುದೇ ಈ ಉಪನ್ಯಾಸದ ಉದ್ದೇಶವು.

ಮೊದಲು ಕೆರೆಯ ಸಸ್ಯಗಳಿಂದ ಆಗುವ ಪ್ರಯೋಜನವನ್ನು ಹೇಳಬೇಕು. ಕೆರೆಯೆಂದರೆ ಬರಿಯ ನೀರಿನ ಪಾತ್ರೆಯಲ್ಲ. ದಡದಲ್ಲಿ ಜೊಂಡು, ನಡುವೆ ತಾವರೆ ನೈದಿಲೆಗಳು, ನೀರಿನ ಮೇಲೆ ತೇಲುವ ಕಿರುಗಿಡಗಳು, ನೀರಿನೊಳಗೆಯೇ ಮುಳುಗಿ ಬೆಳೆಯುವ ಎಳೆಯೆಳೆಯಾದ ಗಿಡಗಳು, ಹೀಗೆ ನಾಲ್ಕು ಬಗೆಯ ಸಸ್ಯಗಳು ಅಲ್ಲಿ ವಾಸಿಸುತ್ತವೆ. ಇವುಗಳಲ್ಲಿ ಜನರ ಕಣ್ಣಿಗೆ ಬೀಳುವುದು ತಾವರೆ. ಕೆರೆಯ ಆರೋಗ್ಯಕ್ಕೆ ಬಹುಮಟ್ಟಿಗೆ ಆಧಾರವಾಗಿರುವುದು ಮುಳುಗಿದ ಗಿಡ. ಅದು ಬೇರಿನಿಂದ ತಳದ ಕೆಸರನ್ನು ಹಿಡಿದಿಡುವುದು. ನೀರಿಗೆ ಪ್ರಾಣವಾಯುವನ್ನು ಕೊಡುವುದು. ಮೀನಿನ ಮರಿಗಳಿಗೆ ಅಡಗುದಾಣವಾಗುವುದು. ನೀರಿಗೆ ಬಂದು ಸೇರಿದ ಗೊಬ್ಬರದ ಸತ್ತ್ವವನ್ನು ತಾನು ಹೀರಿಕೊಂಡು ಪಾಚಿಗೆ ಆಹಾರ ದೊರೆಯದಂತೆ ಮಾಡುವುದು. ಆಳವಿಲ್ಲದ ಕೆರೆಗೆ ಹೊಲದ ಗೊಬ್ಬರವೂ ಊರಿನ ಕೊಳಚೆಯೂ ಮಿತಿಮೀರಿ ಬಂದಾಗ ಪಾಚಿಯು ಹೆಚ್ಚಿ ನೀರು ಹಸುರಾಗುವುದು. ಬೆಳಕು ತಳಕ್ಕೆ ಇಳಿಯದೆ ಮುಳುಗುಗಿಡಗಳು ಸಾಯುವುವು. ಅವು ಸತ್ತಮೇಲೆ ಕೆಸರು ಕದಡಿ ನೀರು ಮತ್ತಷ್ಟು ಬಗ್ಗಡವಾಗುವುದು. ಒಮ್ಮೆ ಈ ಸ್ಥಿತಿಗೆ ಇಳಿದ ಕೆರೆಯನ್ನು ಮರಳಿ ತಿಳಿಯಾಗಿಸುವುದು ಬಹು ಕಷ್ಟಸಾಧ್ಯವು. ಆದಕಾರಣ ಯಾವ ಗಿಡವು ಯಾವಾಗ ಕ್ಷೀಣಿಸತೊಡಗಿತೆಂಬುದನ್ನು ಮುಂಚಿತವಾಗಿ ತಿಳಿಯುವುದು ಅತ್ಯಾವಶ್ಯಕವಾಗಿದೆ.

ಆದರೆ ತಿಳಿಯುವ ಬಗೆ ಹೇಗೆ? ಕಾಡಿನ ಮರವನ್ನು ಎಣಿಸುವಂತೆ ನೀರಿನ ಗಿಡವನ್ನು ಎಣಿಸಲು ಬಾರದು. ಇದುವರೆಗೆ ಸಸ್ಯಶಾಸ್ತ್ರಜ್ಞರು ಅನುಸರಿಸುತ್ತ ಬಂದಿರುವ ಕ್ರಮವೆಂದರೆ, ದೋಣಿಯಲ್ಲಿ ಕುಳಿತು ದಡವನ್ನು ಸುತ್ತುವುದು, ಹಲ್ಲುಗಳುಳ್ಳ ಕುಂಟೆಯನ್ನು ಹಗ್ಗಕ್ಕೆ ಕಟ್ಟಿ ನೀರಿಗೆಸೆದು ಗಿಡಗಳನ್ನು ಎಳೆದು ತೆಗೆಯುವುದು, ಅವುಗಳ ಎಲೆ, ಹೂ, ಕಾಯಿಗಳನ್ನು ನೋಡಿ ಜಾತಿಯನ್ನು ನಿರ್ಣಯಿಸುವುದು. ಈ ಕ್ರಮವು ಶ್ರೇಷ್ಠವಾದುದೇ. ಆದರೆ ಇದಕ್ಕೆ ಕಾಲವೂ ಜನವೂ ಬಹಳ ಬೇಕು. ಮುಳುಗುಗಿಡಗಳಲ್ಲಿ ಅನೇಕವು ಎಲೆಯಲ್ಲಿ ಒಂದನ್ನೊಂದು ಹೋಲುವುವು. ಅವು ಹೂ ಬಿಡುವ ಕಾಲವು ವರ್ಷದಲ್ಲಿ ಕೆಲವೇ ವಾರಗಳು. ನೀರು ಬಗ್ಗಡವಾಗಿದ್ದರೆ ನಿಪುಣನ ಕಣ್ಣೂ ಸೋಲುವುದು. ಅಂಥ ನಿಪುಣರಾದರೂ ಎಲ್ಲ ದೇಶಗಳಲ್ಲಿಯೂ ವಿರಳರಾಗುತ್ತಿದ್ದಾರೆ.

ಈ ಕೊರತೆಯನ್ನು ತುಂಬಲು ಬಂದಿರುವ ಮಾರ್ಗಕ್ಕೆ ಪರಿಸರ ಡಿ.ಎನ್.ಎ. ಪರೀಕ್ಷೆ ಎಂದು ಹೆಸರು. ಡಿ.ಎನ್.ಎ. ಎಂಬುದು ಪ್ರಾಣಿ ಸಸ್ಯಗಳ ಬಹುಮಟ್ಟಿಗೆ ಪ್ರತಿಯೊಂದು ಜೀವಕೋಶದಲ್ಲಿಯೂ ಇರುವ ಅತಿಸೂಕ್ಷ್ಮವಾದ ತಂತು. ಅದರ ರಚನೆಯು 1953ರಲ್ಲಿ ನಿರ್ಣಯವಾಯಿತು. ನಾಲ್ಕೇ ನಾಲ್ಕು ಬಗೆಯ ಘಟಕಗಳು ನಾನಾ ಕ್ರಮದಲ್ಲಿ ಸಾಲಾಗಿ ಜೋಡಿಸಲ್ಪಟ್ಟು ಆ ತಂತುವಾಗಿರುತ್ತದೆ. ವರ್ಣಮಾಲೆಯ ಅಕ್ಷರಗಳೇ ಕ್ರಮಭೇದದಿಂದ ಬೇರೆಬೇರೆ ಪದಗಳಾಗುವಂತೆ, ಈ ನಾಲ್ಕು ಘಟಕಗಳೇ ಕ್ರಮಭೇದದಿಂದ ತಾವರೆಗೆ ತಾವರೆಯತನವನ್ನೂ ಜೊಂಡಿಗೆ ಜೊಂಡುತನವನ್ನೂ ಕೊಡುತ್ತವೆ. ಎಲೆ ಕೊಳೆಯಲಿ, ಬೇರು ಮುರಿಯಲಿ, ಪರಾಗವು ಉದುರಲಿ, ಅದರೊಡನೆ ಈ ತಂತುವಿನ ತುಣುಕುಗಳು ನೀರಿಗೆ ಸೇರುವುವು. ಗಿಡವನ್ನು ಕಾಣದೆ ಆ ತುಣುಕನ್ನು ಓದಿ ಗಿಡದ ಹೆಸರನ್ನು ಹೇಳುವುದೇ ಈ ವಿದ್ಯೆಯ ಸಾರವು.

ನೀರಿನಲ್ಲಿ ತೇಲುವ ತುಣುಕು ಬಹುಕಾಲ ಬಾಳುವುದಿಲ್ಲ. ಸೂರ್ಯನ ಕಿರಣ, ಉಷ್ಣ, ಸೂಕ್ಷ್ಮಜೀವಿಗಳು, ಇವುಗಳಿಂದ ಅದು ಕೆಲವು ದಿನಗಳಲ್ಲಿ ಅಥವಾ ವಾರಗಳಲ್ಲಿ ಶಿಥಿಲವಾಗಿ ಹೋಗುವುದು. ಆದುದರಿಂದ ನೀರು ಹೇಳುವುದು ಇಂದಿನ ಸಮಾಚಾರವನ್ನು. ತಳಕ್ಕಿಳಿದು ಜೇಡಿಮಣ್ಣಿನ ಕಣಗಳಿಗೆ ಅಂಟಿದ ತುಣುಕಿನ ಸಂಗತಿಯೇ ಬೇರೆ. ಅಲ್ಲಿ ಬೆಳಕಿಲ್ಲ, ಪ್ರಾಣವಾಯುವಿಲ್ಲ. ಶೀತಲದೇಶವಾದರೆ ಉಷ್ಣವೂ ಇಲ್ಲ. ಅಲ್ಲಿ ಅದು ಸಾವಿರಾರು ವರ್ಷ ಉಳಿಯಬಲ್ಲದು. ಕೆಸರು ವರ್ಷವರ್ಷಕ್ಕೂ ಪದರಪದರವಾಗಿ ಕೂಡುವುದರಿಂದ ಮೇಲಿನ ಪದರವು ಇಂದಿನ ಸಸ್ಯಗಳನ್ನೂ, ಕೆಳಗಿನ ಪದರಗಳು ಪೂರ್ವಕಾಲದ ಸಸ್ಯಗಳನ್ನೂ ಹೇಳುವುವು.

ಈ ವಿದ್ಯೆಯು ಒಂದೇ ದಿನದಲ್ಲಿ ಹುಟ್ಟಿದುದಲ್ಲ. ಒಂದು ತುಣುಕನ್ನು ಪ್ರಯೋಗಶಾಲೆಯಲ್ಲಿ ಇಮ್ಮಡಿ ಇಮ್ಮಡಿಯಾಗಿ ಹೆಚ್ಚಿಸುವ ಉಪಾಯವನ್ನು ಅಮೇರಿಕೆಯ ಕ್ಯಾರಿ ಮಲ್ಲಿಸ್ ಎಂಬ ರಸಾಯನಜ್ಞರು 1983ರಲ್ಲಿ ಕಂಡುಹಿಡಿದರು. ಅದಕ್ಕಾಗಿ ಅವರಿಗೆ 1993ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಒಂದು ತುಣುಕು ಮೂವತ್ತು ಸಲ ಇಮ್ಮಡಿಯಾದರೆ ನೂರು ಕೋಟಿಗೂ ಮೀರುವುದೆಂಬುದನ್ನು ಗಣಿತ ಬಲ್ಲ ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ನೋಡಬಹುದು. 1987ರಲ್ಲಿ ಕೆಸರಿನಿಂದ ಸೂಕ್ಷ್ಮಜೀವಿಗಳ ಡಿ.ಎನ್.ಎ.ಯನ್ನು ಬೇರ್ಪಡಿಸುವ ಕ್ರಮವು ಪ್ರಕಟವಾಯಿತು. 2003ರಲ್ಲಿ ಸೈಬೀರಿಯದ ಹೆಪ್ಪುಗಟ್ಟಿದ ನೆಲದಿಂದ ಲಕ್ಷಾಂತರ ವರ್ಷಗಳ ಹಿಂದಿನ ಸಸ್ಯಗಳ ಕುರುಹು ದೊರೆಯಿತು. 2008ರಲ್ಲಿ ಫ್ರಾನ್ಸ್ ದೇಶದ ಕೊಳಗಳಲ್ಲಿ, ಅಮೇರಿಕೆಯಿಂದ ಬಂದು ಸೇರಿದ ದೊಡ್ಡ ಕಪ್ಪೆಯನ್ನು ಬರಿಯ ನೀರಿನ ಪರೀಕ್ಷೆಯಿಂದಲೇ ಪತ್ತೆಹಚ್ಚಲಾಯಿತು. ಅಲ್ಲಿಂದೀಚೆಗೆ ಕೆರೆ ಹೊಳೆಗಳ ಪರೀಕ್ಷೆಗೆ ಈ ಮಾರ್ಗವು ಎಲ್ಲ ಖಂಡಗಳಲ್ಲಿಯೂ ಹಬ್ಬಿತು.

ಪರೀಕ್ಷೆಯ ಕ್ರಮವನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗಿದೆ. ಕೆರೆಯ ಬೇರೆಬೇರೆ ಸ್ಥಳಗಳಲ್ಲಿ ಒಂದೆರಡು ಲೀಟರು ನೀರನ್ನು ಶುದ್ಧವಾದ ಸೀಸೆಗಳಲ್ಲಿ ತುಂಬಿಕೊಳ್ಳುವರು. ಅಥವಾ ಕೊಳವೆಯನ್ನಿಳಿಸಿ ತಳದ ಕೆಸರನ್ನು ತೆಗೆಯುವರು. ನೀರನ್ನು ಅತಿಸೂಕ್ಷ್ಮ ರಂಧ್ರಗಳುಳ್ಳ ಸೋಸುಪಟಲದ ಮೂಲಕ ಸೋಸಿ, ಪಟಲವನ್ನು ಮಂಜುಗಡ್ಡೆಯಲ್ಲಾಗಲಿ ಮದ್ಯಸಾರದಲ್ಲಾಗಲಿ ಕಾಪಿಡುವರು. ಪ್ರಯೋಗಶಾಲೆಯಲ್ಲಿ ಅದರಿಂದ ಡಿ.ಎನ್.ಎ.ಯನ್ನು ಬೇರ್ಪಡಿಸಿ, ಬೇಕಾದ ಭಾಗವನ್ನು ಮಾತ್ರ ಹೆಚ್ಚಿಸಿ, ಯಂತ್ರದಿಂದ ಅದರ ಘಟಕಗಳ ಕ್ರಮವನ್ನು ಓದುವರು. ಓದಿದ ಸಾಲನ್ನು, ಮೊದಲೇ ಹೆಸರು ಗೊತ್ತಾದ ಗಿಡಗಳಿಂದ ಸಿದ್ಧಪಡಿಸಿರುವ ಕೋಶದೊಡನೆ ಹೋಲಿಸಿ ಹೆಸರನ್ನು ನಿರ್ಣಯಿಸುವರು. ಪ್ರತಿಯೊಂದು ಹಂತದಲ್ಲಿಯೂ ಏನನ್ನೂ ಹಾಕದ ಶುದ್ಧಜಲದ ಸೀಸೆಯೊಂದನ್ನು ಜೊತೆಯಲ್ಲಿಯೇ ಪರೀಕ್ಷಿಸುವರು. ಆ ಖಾಲಿ ಸೀಸೆಯಲ್ಲಿಯೂ ಗಿಡದ ಗುರುತು ಕಂಡರೆ ಅದು ಕೆರೆಯದಲ್ಲ, ಪರೀಕ್ಷಕರ ಕೈಯಿಂದಲೋ ಉಪಕರಣದಿಂದಲೋ ಬಂದ ಮೈಲಿಗೆಯೆಂದು ತಿಳಿಯುವರು. ಮಡಿಯ ವಿಷಯದಲ್ಲಿ ಈ ಪ್ರಯೋಗಶಾಲೆಯವರು ವೈದಿಕರನ್ನೂ ಮೀರಿಸಿದ್ದಾರೆಂದರೆ ಅತಿಶಯೋಕ್ತಿಯಾಗಲಾರದು.

ಇಲ್ಲಿ ಸಸ್ಯಗಳಿಗೇ ವಿಶೇಷವಾದ ಒಂದು ತೊಡಕುಂಟು. ಪ್ರಾಣಿಗಳಲ್ಲಿ ಜಾತಿಯನ್ನು ತಿಳಿಸುವ ಭಾಗವೊಂದು ಸುಲಭವಾಗಿ ದೊರೆಯುತ್ತದೆ. ಸಸ್ಯಗಳಲ್ಲಿ ಆ ಭಾಗವು ಬಹು ನಿಧಾನವಾಗಿ ಮಾರ್ಪಡುವುದರಿಂದ ಜಾತಿಜಾತಿಗಳ ಭೇದವನ್ನು ತೋರಿಸದು. ಆದುದರಿಂದ ಎಲೆಯ ಹಸುರು ಕಣದಲ್ಲಿರುವ ಡಿ.ಎನ್.ಎ.ಯನ್ನು ಆಶ್ರಯಿಸಬೇಕಾಯಿತು. 2009ರಲ್ಲಿ ಅಂತರರಾಷ್ಟ್ರೀಯ ಶಾಸ್ತ್ರಜ್ಞರ ಕೂಟವೊಂದು ಅದರಲ್ಲಿನ ಎರಡು ಭಾಗಗಳನ್ನು ಸಸ್ಯಗಳ ಗುರುತಿಗಾಗಿ ಗೊತ್ತುಪಡಿಸಿತು. ಅವು ಹೊಸ ಎಲೆಗೆ ಸರಿಹೋದುವು. ಕೆಸರಿನಲ್ಲಿ ಮುರಿದು ಚೂರಾದ ಡಿ.ಎನ್.ಎ.ಗೆ ಅವು ಅತಿ ಉದ್ದವಾದುವು. ಹರಿದ ಓಲೆಗರಿಯಲ್ಲಿ ಇಡಿಯ ಶ್ಲೋಕವು ಸಿಕ್ಕುವುದು ದುರ್ಲಭವಷ್ಟೆ? ಅದಕ್ಕೆ ತಕ್ಕ ಉಪಾಯವನ್ನು ಫ್ರಾನ್ಸಿನ ಪಿಯೆರ್ ತಬೆರ್ಲೆ ಎಂಬವರೂ ಅವರ ಸಹಚರರೂ 2007ರಲ್ಲಿಯೇ ಸೂಚಿಸಿದ್ದರು. ಟಿ.ಆರ್.ಎನ್.ಎಲ್. ಎಂಬ ಭಾಗದೊಳಗಿನ, 10ರಿಂದ 143 ಘಟಕಗಳಷ್ಟು ಮಾತ್ರ ಉದ್ದವುಳ್ಳ ಒಂದು ಕಿರುತುಣುಕನ್ನು ಅವರು ಆರಿಸಿಕೊಂಡರು. ಅದು ಚಿಕ್ಕದಾದುದರಿಂದ ಶಿಥಿಲವಾದ ಕೆಸರಿನಲ್ಲಿಯೂ ಉಳಿದಿರುತ್ತದೆ. ಚಿಕ್ಕದಾದುದರಿಂದಲೇ ಅದರ ದೋಷವೂ ಉಂಟು: ಅನೇಕ ವೇಳೆ ಅದು ಕುಲವನ್ನು ಹೇಳೀತು, ಕುಲದೊಳಗಿನ ಜಾತಿಯನ್ನು ಹೇಳಲಾರದು. ಹುಲ್ಲುಗಳು, ಜೇಕಿನ ವರ್ಗದವು ಮುಂತಾದುವುಗಳಲ್ಲಿ ಈ ಕೊರತೆಯು ಹೆಚ್ಚಾಗಿ ತೋರುತ್ತದೆ.

ಇನ್ನು ಮುಖ್ಯವಾದ ಪ್ರಶ್ನೆ. ನೀರು, ಕೆಸರುಗಳು ಹೇಳುವ ಮಾತು ಎಷ್ಟರಮಟ್ಟಿಗೆ ನಿಜ? ಇದನ್ನು ತಿಳಿಯಬೇಕಾದರೆ ಒಂದೇ ಕೆರೆಯನ್ನು ಎರಡು ಬಗೆಯಿಂದಲೂ ಪರೀಕ್ಷಿಸಿ ಹೋಲಿಸಬೇಕು. ಅಂಥ ಕಾರ್ಯವನ್ನು ನಾರ್ವೇ ದೇಶದ ಇಂಗರ್ ಗ್ರೇವೆ ಆಲ್ಸೋಸ್ ಎಂಬ ಸಸ್ಯಶಾಸ್ತ್ರಜ್ಞೆಯೂ ಅವರ ಸಂಗಡಿಗರೂ ಮಾಡಿ, 2018ರಲ್ಲಿ ಪ್ರಕಟಿಸಿದರು. ಆ ದೇಶದ ಉತ್ತರಭಾಗದ 11 ಸರೋವರಗಳನ್ನು ಅವರು ಆರಿಸಿಕೊಂಡರು. ಒಂದು ಕಡೆ ನೀರಿನ ಗಿಡಗಳನ್ನೂ ದಡದ ಗಿಡಗಳನ್ನೂ ಕಣ್ಣಿನಿಂದ ನೋಡಿ ಬರೆದುಕೊಂಡರು. ಮತ್ತೊಂದು ಕಡೆ ಕೆಸರಿನ ಡಿ.ಎನ್.ಎ.ಯನ್ನು ಓದಿದರು.

ಅದರ ಫಲವು ಗಮನಾರ್ಹವಾಗಿದೆ. ದಡದಿಂದ 2 ಮೀಟರಿನೊಳಗೆ ಕಂಡ, ಗುರುತಿಸಲು ಸಾಧ್ಯವಾದ ಸಸ್ಯಗಳಲ್ಲಿ ಸರಾಸರಿ ನೂರಕ್ಕೆ 31 ಮಾತ್ರ ಕೆಸರಿನಲ್ಲಿ ದೊರೆತುವು. ಒಂದು ಸರೋವರದಲ್ಲಿ 17, ಇನ್ನೊಂದರಲ್ಲಿ 49, ಹೀಗೆ ಏರುಪೇರಿತ್ತು. ಈ ಸಂಖ್ಯೆಯನ್ನು ಮಾತ್ರ ಕೇಳಿದವರು ಈ ಮಾರ್ಗವೇ ನಿಷ್ಪ್ರಯೋಜಕವೆಂದಾರು. ಆದರೆ ತಿರುಗಿಸಿ ನೋಡಬೇಕು. ಕೆಸರು ಹೇಳಿದ 217 ದಾಖಲೆಗಳಲ್ಲಿ ನೂರಕ್ಕೆ 73ರಷ್ಟು ದಡದ 2 ಮೀಟರಿನೊಳಗೂ, 12ರಷ್ಟು ಸುಮಾರು 50 ಮೀಟರಿನೊಳಗೂ ಕಣ್ಣಿಗೆ ಕಂಡ ಸಸ್ಯಗಳೇ ಆಗಿದ್ದುವು. ಉಳಿದ ಸುಮಾರು 16ರಷ್ಟನ್ನು ಪರಿಶೀಲಕರು ಆ ಸರೋವರದಲ್ಲಿ ಕಂಡಿರಲಿಲ್ಲ. ಅವು ಅವರ ಕಣ್ತಪ್ಪಿದುವಾಗಿರಬಹುದು, ಇಲ್ಲವೆ ಪರಿಶೀಲಿಸಿದ ಎಲ್ಲೆಯ ಆಚೆಯವಾಗಿರಬಹುದು. ಅಂದರೆ ಕೆಸರು ಎಲ್ಲವನ್ನೂ ಹೇಳಲಿಲ್ಲ. ಹೇಳಿದುದು ಬಹುಮಟ್ಟಿಗೆ ನಿಜವಾಗಿತ್ತು. ಮಿತಭಾಷಿಯಾದ ಸತ್ಯವಾದಿಯ ಲಕ್ಷಣವಿದು.

ಸಸ್ಯಗಳನ್ನು ಅವುಗಳ ಪ್ರಾಚುರ್ಯಕ್ಕೆ ತಕ್ಕಂತೆ ವಿಂಗಡಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಎಲ್ಲೆಲ್ಲಿಯೂ ತುಂಬಿರುವ ಸಸ್ಯಗಳಲ್ಲಿ ನೂರಕ್ಕೆ 61, ಸಾಮಾನ್ಯವಾಗಿರುವುವುಗಳಲ್ಲಿ 47, ಚದುರಿರುವುವುಗಳಲ್ಲಿ 25, ವಿರಳವಾದುವುಗಳಲ್ಲಿ 15 ಮಾತ್ರ ಕೆಸರಿನಲ್ಲಿ ಕಂಡುವು. ಜಲಸಸ್ಯಗಳ ಲೆಕ್ಕವನ್ನು ಬೇರೆಯಾಗಿ ತೆಗೆದಾಗ ಈ ಅಂಕೆಗಳು ಕ್ರಮವಾಗಿ 88, 88, 33, 62 ಆದುವು. ನೀರಿನೊಳಗೇ ಹುಟ್ಟಿ ನೀರಿನೊಳಗೇ ಅಳಿಯುವ ಗಿಡದ ಕುರುಹು ನೀರಿನ ತಳದಲ್ಲಿಯೇ ಉಳಿಯುವುದು ಯುಕ್ತವೇ ಆಗಿದೆ. ಆದುದರಿಂದ ಜಲಸಸ್ಯಗಳ ಮಟ್ಟಿಗೆ ಈ ಪರೀಕ್ಷೆಯು ಕಣ್ಣಿನ ಪರಿಶೀಲನೆಗೆ ಸಮಾನವಾಗಬಹುದು, ಒಮ್ಮೊಮ್ಮೆ ಅದನ್ನು ಮೀರಿಸಲೂಬಹುದು ಎಂದು ಆ ಶಾಸ್ತ್ರಜ್ಞರು ನಿರ್ಣಯಿಸಿದರು. ನೆಲದ ಸಸ್ಯಗಳ ಮಟ್ಟಿಗೆ ಅವರು ಅಷ್ಟು ಧೈರ್ಯದಿಂದ ನುಡಿಯಲಿಲ್ಲ. ವಿರಳಸಸ್ಯಗಳನ್ನು ಕಾಣಲು ಇನ್ನೂ ಹೆಚ್ಚಿನ ಪರೀಕ್ಷೆ ಬೇಕು, ಕೆಲವು ಸಸ್ಯಗಳ ಕುರುಹು ಕೆರೆಯನ್ನು ಎಂದಿಗೂ ಸೇರದೆ ಹೋದೀತು ಎಂದು ಒಪ್ಪಿಕೊಂಡರು. ತನ್ನ ಮಾರ್ಗದ ಮಿತಿಯನ್ನು ತಾನೇ ಹೇಳುವುದು ಪಂಡಿತನಿಗೆ ಭೂಷಣವಲ್ಲದೆ ಕುಂದಲ್ಲ.

ತರ್ಕವನ್ನು ಅಭ್ಯಸಿಸಿದ ವಿದ್ಯಾರ್ಥಿಗಳಿಗೆ ಇಲ್ಲಿ ಪರಿಚಿತವಾದ ಹಾದಿಯೊಂದು ತೋರುವುದು. ಗಿಡವನ್ನು ಕಂಡು ಹೇಳುವುದು ಪ್ರತ್ಯಕ್ಷ. ಕುರುಹನ್ನು ಕಂಡು ಹೇಳುವುದು ಅನುಮಾನ. ಪರ್ವತದಲ್ಲಿ ಧೂಮವನ್ನು ನೋಡಿ ಅಗ್ನಿಯನ್ನು ಊಹಿಸುವಂತೆ, ಕೆರೆಯಲ್ಲಿ ಡಿ.ಎನ್.ಎ.ಯನ್ನು ನೋಡಿ ಗಿಡವನ್ನು ಊಹಿಸುವರು. ಕೆರೆಯೇ ಪಕ್ಷ, ಗಿಡದ ಅಸ್ತಿತ್ವವೇ ಸಾಧ್ಯ, ತುಣುಕೇ ಹೇತು. ಈ ಹೇತುವಿಗೆ ತಾರ್ಕಿಕರು ಲಿಂಗವೆಂದೂ ಹೆಸರಿಟ್ಟಿದ್ದಾರೆ. ಅಡಗಿರುವುದನ್ನು ಅರಿವಿಗೆ ತಂದುಕೊಡುವ ಚಿಹ್ನೆಯೆಂದು ಅದರ ಅರ್ಥ. ಅನುಮಾನವು ಸಿದ್ಧಿಸಬೇಕಾದರೆ ವ್ಯಾಪ್ತಿಯು ದೃಢವಾಗಿರಬೇಕು. ಎಲ್ಲೆಲ್ಲಿ ಈ ತುಣುಕುಂಟೋ ಅಲ್ಲಲ್ಲಿ ಆ ಗಿಡವುಂಟೆಂದು ನಿಶ್ಚಯವಾಗಿ ಹೇಳಬಹುದೇ? ಅಷ್ಟು ಸುಲಭವಾಗಿ ಹೇಳಲಾಗದು. ತೊರೆಯು ಮೇಲಿನ ಬೆಟ್ಟದಿಂದ ತಂದಿರಬಹುದು; ಗಾಳಿಯು ಪರಾಗವನ್ನು ಒಯ್ದಿರಬಹುದು; ಹಕ್ಕಿಯ ಹಿಕ್ಕೆಯಲ್ಲಿ ಬಂದಿರಬಹುದು; ಪರೀಕ್ಷಕನು ತಿಂದ ಬಾಳೆಯ ಹಣ್ಣಿನ ಅಂಶವೇ ಸೀಸೆಗೆ ಸೇರಿರಬಹುದು. ಇವೆಲ್ಲವೂ ಹೇತುವಿಗೆ ಒದಗುವ ವ್ಯಭಿಚಾರಗಳು. ಖಾಲಿ ಸೀಸೆಯ ಪರೀಕ್ಷೆ, ಒಂದೇ ಮಾದರಿಯನ್ನು ಹಲವು ಸಲ ಓದುವುದು, ಆ ಸೀಮೆಯಲ್ಲಿ ಬೆಳೆಯಲಾರದ ಸಸ್ಯದ ಹೆಸರು ಬಂದರೆ ಶಂಕಿಸುವುದು, ಇವುಗಳಿಂದ ಆ ದೋಷಗಳನ್ನು ಪರಿಹರಿಸಲು ಯತ್ನಿಸುವರು.

ಇದಕ್ಕಿಂತ ಸೂಕ್ಷ್ಮವಾದುದು ಅಭಾವದ ವಿಚಾರ. ಕೆರೆಯಲ್ಲಿ ಒಂದು ಗಿಡದ ಕುರುಹು ಕಾಣಲಿಲ್ಲ. ಆ ಗಿಡವು ಅಲ್ಲಿ ಇಲ್ಲವೆಂದು ಹೇಳಬಹುದೇ? ಪೂರ್ವಾಚಾರ್ಯರು ಇದಕ್ಕೆ ಖಚಿತವಾದ ಉತ್ತರವನ್ನು ಕೊಟ್ಟಿದ್ದಾರೆ. ಅಭಾವವನ್ನು ನಿಶ್ಚಯಿಸಲು ಬರಿಯ ಅನುಪಲಬ್ಧಿಯು ಸಾಲದು, ಯೋಗ್ಯಾನುಪಲಬ್ಧಿಯು ಬೇಕು. ವಸ್ತುವು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಸ್ಥಿತಿಯಿದ್ದಾಗ ಮಾತ್ರ ಕಾಣದಿರುವಿಕೆಯಿಂದ ಇಲ್ಲದಿರುವಿಕೆಯು ಸಿದ್ಧಿಸುವುದು. ಬೆಳಕುಳ್ಳ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ನಾರ್ವೇ ದೇಶದ ಅಂಕೆಗಳು ತಿಳಿಸುವುದೂ ಇದನ್ನೇ. ನೂರಕ್ಕೆ 88ರಂತೆ ಕಾಣುವ, ಸಮೃದ್ಧವಾದ ಜಲಸಸ್ಯವು ಕಾಣದೆ ಹೋದರೆ ಅದು ಬಹುಶಃ ಇಲ್ಲ. ನೂರಕ್ಕೆ 15ರಂತೆ ಕಾಣುವ ವಿರಳಸಸ್ಯವು ಕಾಣದೆ ಹೋದರೆ ಅದರಿಂದ ಯಾವ ನಿರ್ಣಯವೂ ಬಾರದು. ಇದು ಪಂಡಿತರ ವಿನೋದಕ್ಕೆ ಮಾತ್ರ ಹೇಳಿದ ಮಾತಲ್ಲ. ಒಂದು ಕೆರೆಯ ಅಂಗಳದಲ್ಲಿ ಕಟ್ಟಡವೇಳಬೇಕೆಂದು ಬಯಸುವವರು ಒಂದೇ ಸೀಸೆಯ ನೀರನ್ನು ಪರೀಕ್ಷಿಸಿ, ಇಲ್ಲಿ ಅಪೂರ್ವವಾದ ಗಿಡವೇನೂ ಇಲ್ಲವೆಂದು ಕಾಗದವನ್ನು ತರಬಹುದು. ಅಂಥ ವೇಳೆ ಅದು ಯೋಗ್ಯಾನುಪಲಬ್ಧಿಯೋ ಬರಿಯ ಅನುಪಲಬ್ಧಿಯೋ ಎಂದು ಕೇಳಬಲ್ಲವನೊಬ್ಬನು ಊರಿನಲ್ಲಿರಬೇಕು. ಅಪರೂಪದ ಗಿಡವೇ ರಕ್ಷಣೆಗೆ ಹೆಚ್ಚು ಅರ್ಹವಾದುದು. ಈ ಪರೀಕ್ಷೆಗೆ ಎಲ್ಲಕ್ಕಿಂತ ಕಡಿಮೆ ಗೋಚರವಾಗುವುದೂ ಅನೇಕ ವೇಳೆ ಅದೇ ಆಗಿದೆ.

ಗಿಡವು ಇದೆಯೆಂದು ತಿಳಿದರೂ ಎಷ್ಟಿದೆಯೆಂದು ತಿಳಿಯುವುದು ಬೇರೆ ಮಾತು. ಹೈಡ್ರಿಲ್ಲಾ ಎಂಬ ಮುಳುಗುಗಿಡದ ಮೇಲೆ ಜಪಾನ್ ದೇಶದಲ್ಲಿ ನಡೆದ ಪರೀಕ್ಷೆಯೊಂದು 2016ರಲ್ಲಿ ಪ್ರಕಟವಾಯಿತು. ನೀರಿನ ಪರೀಕ್ಷೆಯಿಂದ ಅದು ಕೊಳದಲ್ಲಿದೆಯೆಂಬುದನ್ನು ತಿಳಿಯಬಹುದು; ಅದರ ಪರಿಮಾಣವನ್ನು ನಿಷ್ಕರ್ಷಿಸುವುದು ಅಷ್ಟು ಸುಲಭವಲ್ಲ. ಸುಖವಾಗಿ ಬೆಳೆಯುವ ಗಿಡಕ್ಕಿಂತ ಕೊಳೆಯುವ ಗಿಡವು ಹೆಚ್ಚು ತುಣುಕುಗಳನ್ನು ನೀರಿಗೆ ಬಿಡಬಹುದು. ಹೀಗಿರುವಾಗ ಕುರುಹು ಹೆಚ್ಚಿದೆಯೆಂದು ಗಿಡವೂ ಹೆಚ್ಚಿದೆಯೆನ್ನುವುದು ಸಾಹಸವಾದೀತು.

ಹೈಡ್ರಿಲ್ಲಾ ಗಿಡದ ಪ್ರಸಂಗವು ಇನ್ನೊಂದು ಕಾರಣಕ್ಕಾಗಿಯೂ ಸ್ಮರಣೀಯವಾಗಿದೆ. ಭರತಖಂಡದ ಕೆರೆಗಳಲ್ಲಿ ಸ್ವಾಭಾವಿಕವಾಗಿ ಬೆಳೆಯುವ ಈ ಗಿಡವು ಗಾಜಿನ ಮೀನುತೊಟ್ಟಿಗಳ ವ್ಯಾಪಾರದ ಮೂಲಕ 1950ರ ದಶಕದಲ್ಲಿ ಅಮೇರಿಕೆಯ ಫ್ಲಾರಿಡಾ ಪ್ರಾಂತವನ್ನು ಸೇರಿತು. ಅಲ್ಲಿ ತಡೆಯಿಲ್ಲದೆ ಹಬ್ಬಿ ಕೆರೆ ಕಾಲುವೆಗಳನ್ನು ಮುಚ್ಚಿಬಿಟ್ಟಿತು. ಇದಕ್ಕೆ ಪ್ರತಿಯಾಗಿ ದಕ್ಷಿಣ ಅಮೇರಿಕೆಯ ನೀಲಿ ಹೂವಿನ ತೇಲುಗಿಡವು ಈ ನಾಡಿನ ಕೆರೆಗಳಿಗೆ ಬಂದು, ಜನರ ಬಾಯಲ್ಲಿ ಅಂತರಗಂಗೆಯೆಂಬ ಹೆಸರನ್ನೂ ಹೊತ್ತು, ನೀರಿನ ಮುಖವನ್ನೇ ಮರೆಮಾಡಿರುವುದನ್ನು ಎಲ್ಲರೂ ಕಂಡಿದ್ದಾರೆ. ತನ್ನ ನಾಡಿನಲ್ಲಿ ಮಿತಿಯಲ್ಲಿರುವುದು ಪರನಾಡಿನಲ್ಲಿ ಹಾವಳಿಯಾಗುವುದು ಎರಡು ಕಡೆಯೂ ಒಂದೇ. ಇಂಥ ಗಿಡವು ನಾಲ್ಕು ಎಸಳಾಗಿರುವಾಗಲೇ ಗೊತ್ತಾದರೆ ಕಿತ್ತು ಎಸೆಯಬಹುದು. ಕೆರೆಯೆಲ್ಲ ತುಂಬಿದ ಮೇಲೆ ಗೊತ್ತಾದರೆ ಲಕ್ಷ ಲಕ್ಷ ಹಣವನ್ನು ಸುರಿದರೂ ತೀರದು. ನೀರಿನ ಪರೀಕ್ಷೆಯಿಂದ ಹೊರಗಿನ ಗಿಡದ ಆಗಮನವನ್ನು ಮುಂಚಿತವಾಗಿ ತಿಳಿಯಲು ಸಾಧ್ಯವಾಗುವುದೇ ಈ ಮಾರ್ಗದ ಅತ್ಯಂತ ಪ್ರತ್ಯಕ್ಷವಾದ ಉಪಯೋಗವೆನ್ನಬಹುದು.

ಎರಡನೆಯ ಉಪಯೋಗವು ಪೂರ್ವಕಾಲದ ಜ್ಞಾನ. ಕೆರೆಯ ಕೆಸರಿನಲ್ಲಿ ಅಡಗಿರುವ ಪರಾಗಗಳನ್ನು ಎಣಿಸಿ ಹಿಂದಿನ ಕಾಡುಗಳನ್ನು ಅರಿಯುವ ಕ್ರಮವನ್ನು ಸ್ವೀಡನ್ ದೇಶದ ಲೆನ್ನಾರ್ಟ್ ಫೊನ್ ಪೋಸ್ಟ್ ಎಂಬವರು 1916ರಲ್ಲಿ ಲೋಕದ ಮುಂದಿಟ್ಟರು. ಭಾರತದಲ್ಲಿ ಬೀರಬಲ ಸಾಹನಿಯವರು 1946ರಲ್ಲಿ ಲಖನೌ ನಗರದಲ್ಲಿ ಸ್ಥಾಪಿಸಿದ ಸಂಸ್ಥೆಯು ಈ ವಿದ್ಯೆಯನ್ನು ಬೆಳೆಸಿತು. ಪರಾಗವು ಹೇಳದುದನ್ನು ಈಗ ಡಿ.ಎನ್.ಎ. ಹೇಳುತ್ತಿದೆ. ಫ್ರಾನ್ಸಿನ ಆಲ್ಪ್ಸ್ ಪರ್ವತದಲ್ಲಿ 2000 ಮೀಟರಿಗೂ ಮೇಲಿರುವ ಆಂತೆರ್ನ್ ಎಂಬ ಸರೋವರದ ಕೆಸರಿನಿಂದ ಅಲ್ಲಿ ಪೂರ್ವಕಾಲದಲ್ಲಿ ದನ ಕುರಿಗಳನ್ನು ಮೇಯಿಸಿದುದೂ, ಅದರಿಂದ ಗಿಡಮರಗಳಲ್ಲಿಯೂ ಮಣ್ಣಿನಲ್ಲಿಯೂ ಆದ ಮಾರ್ಪಾಟೂ 2014ರಲ್ಲಿ ತಿಳಿದುಬಂದುವು. ಗ್ರೀನ್‌ಲೆಂಡಿನ ಉತ್ತರದ ತುದಿಯ ಪುರಾತನ ಮಣ್ಣಿನಿಂದ ಸುಮಾರು 20 ಲಕ್ಷ ವರ್ಷಗಳ ಹಿಂದಿನ ನೂರಕ್ಕೂ ಹೆಚ್ಚು ಸಸ್ಯಕುಲಗಳ ಕುರುಹುಗಳು ದೊರೆತ ಸಂಗತಿಯು 2022ರಲ್ಲಿ ಪ್ರಕಟವಾಯಿತು. ಇಂದು ಹಿಮದಿಂದಲೂ ಬರಿಯ ಕಲ್ಲಿನಿಂದಲೂ ಕೂಡಿದ ಆ ನೆಲದಲ್ಲಿ ಅಂದು ಮರಗಳು ಬೆಳೆದಿದ್ದುವೆಂದು ಕೇಳಿದರೆ ಜಗತ್ತೆಂಬುದು ಸದಾ ಚಲಿಸುವುದೆಂಬ ಮಾತಿಗೆ ಬೇರೆ ದೃಷ್ಟಾಂತವು ಬೇಡ.

ಆದರೆ ದೃಷ್ಟಾಂತವು ಸಮಾನಧರ್ಮವುಳ್ಳದಾಗಿರಬೇಕು. ಶೀತಲದೇಶದ ಅಂಕೆಗಳನ್ನು ಹಾಗೆಯೇ ತಂದು ಕರ್ನಾಟಕದ ಕೆರೆಗಳಿಗೆ ಹಚ್ಚುವುದು ಸಲ್ಲದು. ಇಲ್ಲಿಯ ಬಿಸಿಲಿನಲ್ಲಿ ತುಣುಕುಗಳು ಬೇಗನೆ ಶಿಥಿಲವಾಗುವುವು. ಬೇಸಿಗೆಯಲ್ಲಿ ಅನೇಕ ಕೆರೆಗಳು ಬತ್ತಿ ತಳವು ಬಿರಿಯುವುದು, ದನಗಳು ತುಳಿಯುವುವು, ಹೂಳೆತ್ತಿದಾಗ ಪದರಗಳೇ ಕಲಸಿಹೋಗುವುವು. ಹೂಳೆತ್ತುವುದು ಕೆರೆಗೆ ಹಿತವೇ; ಆದರೆ ಅದರೊಡನೆ ಪೂರ್ವಕಾಲದ ಓಲೆಗಳೂ ಹೊಲಕ್ಕೆ ಗೊಬ್ಬರವಾಗಿ ಹೋಗುವುವೆಂಬುದನ್ನು ಮರೆಯಬಾರದು. ಆದುದರಿಂದ ಈ ನಾಡಿನಲ್ಲಿ ಈ ಮಾರ್ಗವು ಎಷ್ಟು ಫಲಿಸುವುದೆಂಬುದನ್ನು ಈ ನಾಡಿನ ಕೆರೆಗಳಲ್ಲಿಯೇ, ಕಣ್ಣಿನ ಪರಿಶೀಲನೆಯನ್ನು ಜೊತೆಯಲ್ಲಿಟ್ಟುಕೊಂಡು, ತಿಳಿಯತಕ್ಕದ್ದು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ಯಂತ್ರವು ಓದುವುದು ಸಾಲನ್ನು, ಹೆಸರನ್ನು ಅಲ್ಲ. ಹೆಸರನ್ನು ಹೇಳುವುದು ಹೋಲಿಕೆಯ ಕೋಶ. ಆ ಕೋಶದಲ್ಲಿ ಒಂದು ಗಿಡದ ಸಾಲು ಸೇರಬೇಕಾದರೆ ಯಾರಾದರೊಬ್ಬರು ಮೊದಲು ನೀರಿಗಿಳಿದು, ಗಿಡವನ್ನು ತಂದು, ಎಲೆ ಹೂಗಳನ್ನು ನೋಡಿ ಇದು ಇಂಥದೆಂದು ನಿರ್ಣಯಿಸಿ, ಒಣಗಿಸಿ, ಹಾಳೆಗೆ ಅಂಟಿಸಿ ಇಟ್ಟಿರಬೇಕು. ಹಾಗೆ ಇಡುವ ಮುಂಚೆಯೇ ಗಿಡವು ನಾಡಿನಿಂದ ಅಳಿದುಹೋದರೆ, ಮುಂದೊಂದು ದಿನ ಕೆಸರಿನಲ್ಲಿ ಅದರ ಕುರುಹು ಸಿಕ್ಕರೂ ಅದು ಯಾರದೆಂದು ಹೇಳುವವರಿರಲಾರರು. ಅಕ್ಷರಗಳು ಉಳಿದು ಭಾಷೆಯು ಸತ್ತ ಶಾಸನದಂತೆ ಅದು ಮೂಕವಾಗಿ ಬಿದ್ದಿರುವುದು. ಆದುದರಿಂದ ನೂತನ ಮಾರ್ಗವು ಬಂದಿತೆಂದು ಹಳೆಯ ಸಸ್ಯಶಾಸ್ತ್ರಜ್ಞನನ್ನು ಬಿಡಲಾಗದು. ಅವನಿದ್ದರೆ ಮಾತ್ರ ಈ ಮಾರ್ಗಕ್ಕೆ ಬೆಲೆ. ಅನುಮಾನವು ಎಂದಿಗೂ ಪ್ರತ್ಯಕ್ಷವನ್ನು ಉಪಜೀವಿಸಿಯೇ ನಡೆಯುವುದು. ಅಡುಗೆಮನೆಯಲ್ಲಿ ಹೊಗೆಯನ್ನೂ ಬೆಂಕಿಯನ್ನೂ ಒಟ್ಟಿಗೆ ಕಂಡವನಲ್ಲವೆ ಪರ್ವತದ ಬೆಂಕಿಯನ್ನು ಊಹಿಸಬಲ್ಲವನು?

ಈ ಕಾರ್ಯದಲ್ಲಿ ಭಕ್ತರೂ ವಿದ್ಯಾರ್ಥಿಗಳೂ ಮಾಡಬಹುದಾದುದು ಅಲ್ಪವಲ್ಲ. ಯಂತ್ರವು ಎಲ್ಲರಿಗೂ ದೊರೆಯದು. ಕಣ್ಣು ಎಲ್ಲರಿಗೂ ದೊರೆತಿದೆ. ತಮ್ಮ ಊರಿನ ಕೆರೆಯಲ್ಲಿ ಯಾವ ಯಾವ ಗಿಡಗಳಿವೆ, ಅವುಗಳಿಗೆ ಹಿರಿಯರು ಏನೆಂದು ಹೆಸರಿಟ್ಟಿದ್ದಾರೆ, ಯಾವುದು ಯಾವ ತಿಂಗಳಲ್ಲಿ ಹೂ ಬಿಡುವುದು, ಯಾವುದು ಅಜ್ಜನ ಕಾಲದಲ್ಲಿದ್ದು ಈಗ ಕಾಣದು ಎಂಬುದನ್ನು ಬೆಸ್ತರಿಂದಲೂ, ಜೊಂಡಿನಿಂದ ಚಾಪೆ ಹೆಣೆಯುವವರಿಂದಲೂ, ದನ ಕಾಯುವವರಿಂದಲೂ ಕೇಳಿ ಬರೆದಿಡಬಹುದು. ವರ್ಷಕ್ಕೆರಡು ಸಲ ಒಂದೇ ಸ್ಥಳದಲ್ಲಿ ನಿಂತು ನೋಡಿ ಬರೆದ ಪುಸ್ತಕವು ಹತ್ತು ವರ್ಷಗಳಲ್ಲಿ ಅಮೂಲ್ಯವಾದ ಗ್ರಂಥವಾಗುವುದು. ಮುಂದೆ ಈ ನೂತನ ಪರೀಕ್ಷೆಯನ್ನು ಮಾಡಲು ಬರುವ ಪಂಡಿತರಿಗೆ ಅದಕ್ಕಿಂತ ಶ್ರೇಷ್ಠವಾದ ಕಾಣಿಕೆಯು ಬೇರೊಂದಿರದು. ಕೆರೆಯ ಏರಿಗೆ ಮಣ್ಣು ಹೊತ್ತವರ ಸಂತತಿಯು ಕೆರೆಯ ಲೆಕ್ಕವನ್ನು ಬರೆಯಲು ಹಿಂಜರಿಯಬೇಕಾದುದಿಲ್ಲ.

ಸಾರಾಂಶವಿಷ್ಟು. ಸರೋವರವು ತನ್ನ ಸಸ್ಯಗಳ ಸಮಾಚಾರವನ್ನು ತನ್ನ ನೀರಿನಲ್ಲಿಯೂ ಕೆಸರಿನಲ್ಲಿಯೂ ಬರೆದಿಟ್ಟುಕೊಳ್ಳುತ್ತದೆ. ಅದನ್ನು ಓದುವ ವಿದ್ಯೆಯು ಈಗ ಮನುಷ್ಯನಿಗೆ ದೊರೆತಿದೆ. ಆ ಬರವಣಿಗೆಯಲ್ಲಿ ಇದ್ದುದು ಬಹುಮಟ್ಟಿಗೆ ನಂಬತಕ್ಕದ್ದು. ಇಲ್ಲದಿರುವುದನ್ನು ಕುರಿತು ಅವಸರಪಡಲಾಗದು. ಓದುವ ಯಂತ್ರಕ್ಕೂ ನೋಡುವ ಕಣ್ಣಿಗೂ ಹೆಸರು ಬಲ್ಲ ಹಿರಿಯರಿಗೂ ಸಖ್ಯವುಂಟಾದಲ್ಲಿ ಕೆರೆಗಳ ರಕ್ಷಣೆಗೆ ಮಾರ್ಗವು ಸುಗಮವಾದೀತು.

ನಾಡಿನ ಕೆರೆಗಳು ತುಂಬಿರಲಿ. ಅವುಗಳ ತಾವರೆಯೂ ಜೊಂಡೂ, ಹೆಸರು ತಿಳಿಯದ ಮುಳುಗುಗಿಡಗಳೂ ಉಳಿದು ಬಾಳಲಿ.  ಸರ್ವರಿಗೂ ಮಂಗಳವಾಗಲಿ.